ಹೊಂಡದ ಲೆಕ್ಕ

ಶಾಲೆಯಲ್ಲಿ ಕಲಿತ ಲೆಕ್ಕವು ಶಾಲೆಯ ಹೊಸ್ತಿಲನ್ನು ದಾಟಿ ಮನೆಗೆ ಬರುವುದಿಲ್ಲವೆಂದು ನಮ್ಮಲ್ಲಿ ಅನೇಕ ಗೃಹಸ್ಥರು ನಂಬಿರುವರು. ಕೂಡುವುದು, ಕಳೆಯುವುದು, ಬಡ್ಡಿಯ ಲೆಕ್ಕ, ಇಷ್ಟು ಗೊತ್ತಿದ್ದರೆ ಸಂಸಾರ ಸಾಗುವುದೆಂದೂ, ಉಳಿದುದೆಲ್ಲ ಪರೀಕ್ಷೆಯ ದಿನದವರೆಗೆ ಮಕ್ಕಳು ಹೊರಬೇಕಾದ ಹೊರೆಯೆಂದೂ ಅವರ ಅಭಿಪ್ರಾಯ. ರೇಖಾಗಣಿತದಲ್ಲಿ ಬರುವ ಘನಾಕೃತಿಗಳ ಪಾಠಕ್ಕಂತೂ ಈ ಅನಾದರ ಮತ್ತಷ್ಟು ಹೆಚ್ಚು. “ಪಟ್ಟಕದ ಘನಫಲ ಎಷ್ಟು?” ಎಂದು ಮಗಳು ಗಟ್ಟಿಯಾಗಿ ಓದುತ್ತಿದ್ದರೆ ತಂದೆಯು ತನಗೂ ಅದಕ್ಕೂ ಸಂಬಂಧವಿಲ್ಲವೆಂಬಂತೆ ಎದ್ದು ಹೊಲದ ಕಡೆಗೆ ಹೋಗುವನು. ಆದರೆ ಆ ಹೊಲದಲ್ಲಿಯೇ ಆ ಪಾಠವು ಅವನಿಗಾಗಿ ಕಾದು ಕುಳಿತಿರುವುದು. ಮಣ್ಣನ್ನು ತೋಡಿಸುವವನಿಗೂ, ತೋಡುವವನಿಗೂ, ನೀರನ್ನು ಕೂಡಿಡುವವನಿಗೂ ಇದಕ್ಕಿಂತ ಹತ್ತಿರದ ಪಾಠ ಬೇರೊಂದಿಲ್ಲ. ಇದನ್ನು ವಾಚಕರಿಗೆ ಮನಗಾಣಿಸುವುದೇ ಈ ಲೇಖನದ ಉದ್ದೇಶ.

ನೀರನ್ನು ಅಳೆಯಬೇಕಾದ ನಾಡು

ಚಿಕ್ಕಬಳ್ಳಾಪುರ ಜಿಲ್ಲೆಯ ಮಂಚೇನಹಳ್ಳಿಯನ್ನು ಬಲ್ಲವರಿಗೆ ಈ ಮಾತು ಬೇಗನೆ ಹಿಡಿಸುವುದು. ಬಹುಕಾಲ ಗೌರಿಬಿದನೂರು ತಾಲ್ಲೂಕಿನ ಹೋಬಳಿಯಾಗಿದ್ದು ಈಚೆಗೆ ತಾನೇ ತಾಲ್ಲೂಕು ಕೇಂದ್ರವಾದ ಊರದು. ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟುವ ಉತ್ತರ ಪಿನಾಕಿನಿಯು ಈ ಸೀಮೆಯನ್ನು ಹಾದು ಗೌರಿಬಿದನೂರಿನ ಕಡೆಗೆ ಹರಿಯುವುದಾದರೂ ವರ್ಷದ ಬಹುಭಾಗ ಅದು ಹೆಸರಿಗೆ ಮಾತ್ರ ನದಿ. ಕಣ್ಣಿಗೆ ಕಾಣುವುದು ಮರಳು. ಆದುದರಿಂದ ಹಿಂದಿನವರು ಊರೂರಿಗೆ ಕೆರೆಯನ್ನು ಕಟ್ಟಿದರು. ಕೆರೆಗಳಲ್ಲಿ ಹೂಳು ತುಂಬಿತು, ಬಾವಿಗಳು ಬತ್ತಿದವು, ಕೊಳವೆಬಾವಿಗಳು ಸಾವಿರ ಅಡಿಯ ಆಳಕ್ಕೂ ಇಳಿದವು. ಬೆಂಗಳೂರಿನ ಬಳಸಿದ ನೀರನ್ನು ಸಂಸ್ಕರಿಸಿ ಹೆಬ್ಬಾಳ–ನಾಗವಾರ ಕಣಿವೆಯ ಯೋಜನೆಯ ಮೂಲಕ ಈ ಜಿಲ್ಲೆಯ ಕೆರೆಗಳಿಗೆ ತರಬೇಕಾದ ಕಾಲವೂ ಬಂದಿತು. ೨೦೧೪ರಲ್ಲಿ ಮೊದಲಾದ ಕೃಷಿಭಾಗ್ಯ ಯೋಜನೆಯ ದೆಸೆಯಿಂದ ಮಳೆಯ ನೀರನ್ನೇ ನಂಬಿದ ಹೊಲಗಳಲ್ಲಿ ಕೃಷಿ ಹೊಂಡಗಳು ಎದ್ದವು. ನೀರು ಹೇರಳವಾಗಿರುವ ನಾಡಿನಲ್ಲಿ ಅದನ್ನು ಅಳೆಯದೆ ಬಾಳಬಹುದು. ಇಂಥ ನಾಡಿನಲ್ಲಿ ಅಳೆಯದವನು ಕೆಡುವನು.

ಈ ಸೀಮೆಗೆ ಅಳತೆಯ ವಿದ್ಯೆಯು ಹೊಸದೇನೂ ಅಲ್ಲ. ನಂದಿಬೆಟ್ಟದ ಬುಡದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಸರ್ ಎಂ. ವಿಶ್ವೇಶ್ವರಯ್ಯನವರು ತಮ್ಮ ಬಾಳಿನ ಬಹುಭಾಗವನ್ನು ಮಣ್ಣು, ಕಲ್ಲು, ನೀರುಗಳ ಲೆಕ್ಕದಲ್ಲಿ ಕಳೆದರು. ಗೌರಿಬಿದನೂರು ಸೀಮೆಯ ಹೊಸೂರಿನಲ್ಲಿ ೧೯೨೦ರಲ್ಲಿ ಜನಿಸಿದ ಡಾ. ಎಚ್. ನರಸಿಂಹಯ್ಯನವರು ಭೌತಶಾಸ್ತ್ರದ ಅಧ್ಯಾಪಕರಾಗಿ, ಯಾವ ಮಾತನ್ನೂ ಪ್ರಶ್ನಿಸದೆ ಒಪ್ಪಬಾರದೆಂದು ಒಂದು ತಲೆಮಾರಿನ ವಿದ್ಯಾರ್ಥಿಗಳಿಗೆ ಬೋಧಿಸಿದರು. ಸೂತ್ರವನ್ನೂ ಹಾಗೆಯೇ ಪ್ರಶ್ನಿಸಿ ಒಪ್ಪೋಣ.

ಪಟ್ಟಕವೆಂದರೇನು?

ಎರಡು ತುದಿಗಳಲ್ಲಿ ಸಮನಾದ, ಒಂದಕ್ಕೊಂದು ಸಮಾಂತರವಾದ ಎರಡು ಬಹುಭುಜಾಕೃತಿಗಳಿದ್ದು, ಆ ತುದಿಯಿಂದ ಈ ತುದಿಯವರೆಗೆ ಎಲ್ಲಿ ಅಡ್ಡಲಾಗಿ ಕೊಯ್ದರೂ ಅದೇ ಆಕೃತಿ ಕಾಣುವಂಥ ಘನವಸ್ತುವಿಗೆ ಪಟ್ಟಕವೆಂದು ಹೆಸರು. ಇಟ್ಟಿಗೆಯು ಒಂದು ಪಟ್ಟಕ. ಅದರ ತುದಿ ಆಯತ. ಇಳಿಜಾರು ಮಾಡಿನ ಮನೆಯಲ್ಲಿ ಗೋಡೆಯ ಮೇಲೆ, ಹೆಂಚಿನ ಕೆಳಗೆ ಇರುವ ಅಟ್ಟದ ಜಾಗವು ತ್ರಿಕೋನ ಪಟ್ಟಕ. ಬದಿಗಳು ನೆಟ್ಟಗೆ ಎದ್ದು ನೆತ್ತಿ ಏಣಾಗಿರುವಂತೆ ಒಟ್ಟಿದ ರಾಗಿಹುಲ್ಲಿನ ಉದ್ದನೆಯ ಬಣವೆಯು ಐದು ಭುಜಗಳ ಪಟ್ಟಕ.

ಇದರ ಘನಫಲವನ್ನು ತಿಳಿಯುವ ಸೂತ್ರ ಒಂದೇ ಸಾಲಿನದು: ಪಾದದ ವಿಸ್ತೀರ್ಣವನ್ನು ಎತ್ತರದಿಂದ ಗುಣಿಸು. ಏಕೆ ಹೀಗೆ? ಆಯತಾಕಾರದ ಪೆಟ್ಟಿಗೆಯ ತಳದಲ್ಲಿ ಒಂದು ಅಂಗುಲದ ಘನಗಳನ್ನು ಒಂದು ಪದರವಾಗಿ ಜೋಡಿಸಿದರೆ ತಳದ ವಿಸ್ತೀರ್ಣ ಎಷ್ಟು ಚದರ ಅಂಗುಲವೋ ಅಷ್ಟು ಘನಗಳು ಹಿಡಿಯುವುವು. ಎತ್ತರವೆಷ್ಟು ಅಂಗುಲವೋ ಅಷ್ಟು ಪದರಗಳು. ಆದುದರಿಂದ ಒಂದು ಪದರದ ಲೆಕ್ಕವನ್ನು ಪದರಗಳ ಸಂಖ್ಯೆಯಿಂದ ಗುಣಿಸಿದರೆ ಒಟ್ಟು ದೊರೆಯುವುದು. ಇಂಥ ಪೆಟ್ಟಿಗೆಯನ್ನು ಮೂಲೆಯಿಂದ ಮೂಲೆಗೆ ನೆಟ್ಟಗೆ ಸೀಳಿದರೆ ಎರಡು ಸಮಾನ ತ್ರಿಕೋನ ಪಟ್ಟಕಗಳಾಗುವುವು. ಪಾದವೂ ಅರ್ಧವಾಯಿತು, ಘನಫಲವೂ ಅರ್ಧವಾಯಿತು, ಸೂತ್ರವು ಹಾಗೆಯೇ ನಿಂತಿತು. ಯಾವ ಬಹುಭುಜಾಕೃತಿಯನ್ನಾದರೂ ತ್ರಿಕೋನಗಳಾಗಿ ಒಡೆಯಬಹುದಾದುದರಿಂದ ಎಲ್ಲ ಪಟ್ಟಕಗಳಿಗೂ ಇದೇ ನಿಯಮ ಸಲ್ಲುವುದು.

ಮಕ್ಕಳು ಇಲ್ಲಿ ಎರಡು ಕಡೆ ಎಡವುವುದುಂಟು. ಮೊದಲನೆಯದು ‘ಪಾದ’ವೆಂಬ ಮಾತಿನಲ್ಲಿ. ನೆಲಕ್ಕೆ ತಾಗಿರುವ ಮುಖವೇ ಪಾದವೆಂದು ಅವರು ಭಾವಿಸುವರು. ಬಣವೆಯು ನೆಲದ ಮೇಲೆ ಉದ್ದಕ್ಕೆ ಮಲಗಿರುವುದು. ಅದರ ಪಾದವು ನೆಲದ ಮೇಲಿನ ಆಯತವಲ್ಲ, ತುದಿಯಲ್ಲಿ ಕಾಣುವ ಐದು ಮೂಲೆಯ ಮುಖ. ‘ಎತ್ತರ’ವೆಂದರೆ ಇಲ್ಲಿ ಬಣವೆಯ ಉದ್ದ. ಬಣವೆಯ ಅಗಲ ೩ ಮೀಟರು, ಬದಿಯ ಎತ್ತರ ೨ ಮೀಟರು, ಅದರ ಮೇಲೆ ನೆತ್ತಿಯು ಮತ್ತೆ ಒಂದೂವರೆ ಮೀಟರು, ಉದ್ದ ೬ ಮೀಟರು ಎನ್ನೋಣ. ತುದಿಯ ಮುಖದಲ್ಲಿ ಆಯತಕ್ಕೆ ೬ ಚದರ ಮೀಟರು, ತ್ರಿಕೋನಕ್ಕೆ ೨.೨೫, ಒಟ್ಟು ೮.೨೫. ಆರರಿಂದ ಗುಣಿಸಿದರೆ ೪೯.೫ ಘನಮೀಟರು ಹುಲ್ಲು. ಎರಡನೆಯ ಎಡವು ಓರೆಯ ಪಟ್ಟಕದಲ್ಲಿ. ಒಂದರ ಮೇಲೊಂದು ಪೇರಿಸಿದ ಪುಸ್ತಕಗಳನ್ನು ಪಕ್ಕಕ್ಕೆ ಮೆಲ್ಲನೆ ನೂಕಿದರೆ ರಾಶಿಯು ಓರೆಯಾಗುವುದು, ಪುಸ್ತಕಗಳು ಹೆಚ್ಚುವುದಿಲ್ಲ. ಆದುದರಿಂದ ಅಳೆಯಬೇಕಾದುದು ಓರೆಯಾದ ಅಂಚನ್ನಲ್ಲ, ನೆಟ್ಟಗಿನ ಎತ್ತರವನ್ನು.

ಮೂರು ಉತ್ತರಗಳ ಜಗಳ

ಈಗ ಹೊಲಕ್ಕೆ ಬರೋಣ. ಮಂಚೇನಹಳ್ಳಿಯ ಕಡೆಯ ಒಬ್ಬ ರೈತನು ತನ್ನ ಹೊಲದ ತಗ್ಗಿನಲ್ಲಿ ಒಂದು ಹೊಂಡವನ್ನು ತೋಡಿಸಿದನೆಂದು ಇಟ್ಟುಕೊಳ್ಳೋಣ. ಬಾಯಿಯು ೧೨ ಮೀಟರು ಭುಜದ ಚೌಕ. ತಳವು ೬ ಮೀಟರು ಭುಜದ ಚೌಕ. ಆಳ ೩ ಮೀಟರು. ನೆಟ್ಟಗೆ ಕಡಿದರೆ ಮಣ್ಣು ಕುಸಿಯುವುದಾದುದರಿಂದ ಬದಿಗಳನ್ನು ಇಳಿಜಾರಾಗಿ ಬಿಟ್ಟಿದೆ. ಕೂಲಿಯು ಘನಮೀಟರಿಗೆ ಇಷ್ಟೆಂದು ಮಾತಾಗಿದೆ. ತೋಡಿದ ಮಣ್ಣು ಎಷ್ಟು?

ಮೇಸ್ತ್ರಿಯು ಹೇಳುವನು: “ಮೇಲೆ ಹನ್ನೆರಡು, ಕೆಳಗೆ ಆರು, ಸರಾಸರಿ ಒಂಬತ್ತು. ಒಂಬತ್ತೊಂಬತ್ತಲ ಎಂಬತ್ತೊಂದು, ಮೂರರಿಂದ ಗುಣಿಸಿದರೆ ೨೪೩.” ತೋಡಿದವರಲ್ಲಿ ಒಬ್ಬ ಹಿರಿಯನು ಒಪ್ಪುವುದಿಲ್ಲ: “ಹಾಗಲ್ಲ ಸ್ವಾಮಿ. ಬಾಯಿಯ ಚದರ ೧೪೪, ತಳದ ಚದರ ೩೬. ಅವೆರಡರ ಸರಾಸರಿ ೯೦. ಮೂರರಿಂದ ಗುಣಿಸಿ, ೨೭೦ ಆಗುತ್ತದೆ.” ಇಬ್ಬರ ಮಾತೂ ನ್ಯಾಯವಾಗಿಯೇ ಕಾಣುವುದು, ಆದರೆ ನಡುವೆ ೨೭ ಘನಮೀಟರಿನ ಅಂತರ ಬಿದ್ದಿದೆ. ಒಂದು ಘನಮೀಟರು ಮಣ್ಣು ಒಂದೂವರೆ ಟನ್ನಿಗೆ ಕಡಮೆ ತೂಗುವುದಿಲ್ಲವೆಂಬುದನ್ನು ನೆನೆದರೆ ಈ ಅಂತರವು ಎಷ್ಟು ಬೆನ್ನುಗಳ ಬೆವರೆಂಬುದು ತಿಳಿಯುವುದು.

ಆಗ ಒಂಬತ್ತನೆಯ ತರಗತಿಯಲ್ಲಿ ಓದುತ್ತಿರುವ ಮಗಳು ತಂದೆಯನ್ನು ಕರೆದು ಹೇಳುತ್ತಾಳೆ: “ಅಪ್ಪ, ಹೊಂಡವನ್ನು ಒಂದೇ ಸಲ ಅಳೆಯಬೇಡ, ತುಂಡುತುಂಡಾಗಿ ನೋಡು.” ಅವಳು ಮಣ್ಣಿನ ಮೇಲೆ ಕಡ್ಡಿಯಿಂದ ಗೀಚಿ ತೋರಿಸುವ ಕ್ರಮ ಹೀಗಿದೆ.

ನಡುವೆ ತಳದ ಮೇಲೆ ನೆಟ್ಟಗೆ ನಿಲ್ಲುವ ಭಾಗವು ಚೌಕದ ಪಟ್ಟಕ: ೬ × ೬ × ೩, ಅಂದರೆ ೧೦೮. ನಾಲ್ಕು ಬದಿಗಳ ಇಳಿಜಾರಿನ ಮೇಲಿರುವ ಭಾಗಗಳು ತ್ರಿಕೋನ ಪಟ್ಟಕಗಳು. ತ್ರಿಕೋನದ ಅಗಲ ೩, ಆಳ ೩; ವಿಸ್ತೀರ್ಣ ನಾಲ್ಕೂವರೆ; ಉದ್ದ ೬. ಆದುದರಿಂದ ಒಂದೊಂದೂ ೨೭. ನಾಲ್ಕೂ ಸೇರಿ ೧೦೮. ಇನ್ನು ಉಳಿದುದು ನಾಲ್ಕು ಮೂಲೆಗಳು. ಮೇಲೆ ೩ ಮೀಟರಿನ ಚೌಕವಾಗಿದ್ದು ಕೆಳಗೆ ತಳದ ಮೂಲೆಯಲ್ಲಿ ಒಂದೇ ಬಿಂದುವಿಗೆ ಇಳಿಯುವ ಈ ತುಂಡು ಪಟ್ಟಕವಲ್ಲ, ತಲೆಕೆಳಗಾದ ಗೋಪುರಾಕೃತಿ. ಅದೇ ಪಾದ, ಅದೇ ಎತ್ತರವುಳ್ಳ ಪಟ್ಟಕದಲ್ಲಿ ಮೂರರಲ್ಲೊಂದು ಪಾಲು ಗೋಪುರದ ಘನಫಲ. ೩ × ೩ × ೩ ಎಂದರೆ ೨೭. ಅದರ ಮೂರನೆಯ ಒಂದು ೯. ನಾಲ್ಕು ಮೂಲೆಗಳಿಗೆ ೩೬. ಒಟ್ಟು ೧೦೮, ೧೦೮, ೩೬ ಸೇರಿ ೨೫೨ ಘನಮೀಟರು.

ಗೋಪುರಕ್ಕೆ ಮೂರನೆಯ ಒಂದು ಪಾಲು ಏಕೆಂದು ಕೇಳುವ ಮಗುವಿಗೆ ಸಾಬೂನಿನ ಒಂದು ಘನವನ್ನು ಕೊಯ್ದು ತೋರಿಸಬಹುದು. ಘನದ ಒಂದು ಮೂಲೆಯನ್ನು ಹಿಡಿದು, ಆ ಮೂಲೆಗೆ ತಾಗದ ಮೂರು ಮುಖಗಳೇ ಪಾದಗಳಾಗುವಂತೆ ಸೀಳಿದರೆ, ಒಂದನ್ನೊಂದು ಹೋಲುವ ಮೂರು ಗೋಪುರಗಳು ದೊರೆಯುವುವು. ನಮ್ಮ ಹೊಂಡದ ಮೂಲೆಯ ತುಂಡೂ ಸರಿಯಾಗಿ ಇದೇ ರೂಪದ್ದು.

ಮೇಸ್ತ್ರಿಯೂ ಹಿರಿಯನೂ ಎಲ್ಲಿ ತಪ್ಪಿದರೆಂಬುದು ಈಗ ಸ್ಪಷ್ಟ. ನಡುವಿನ ಪಟ್ಟಕದಲ್ಲಿಯೂ ಬದಿಯ ಪಟ್ಟಕಗಳಲ್ಲಿಯೂ ಇಬ್ಬರ ಲೆಕ್ಕವೂ ಸರಿಯಾಗಿಯೇ ಇತ್ತು, ತಪ್ಪಿದ್ದೆಲ್ಲ ಮೂಲೆಗಳಲ್ಲಿ. ಮೂಲೆಯ ೨೭ರಲ್ಲಿ ಮೇಸ್ತ್ರಿಯು ಕಾಲು ಪಾಲನ್ನು ಹಿಡಿದನು. ಹಿರಿಯನು ಅರ್ಧ ಪಾಲನ್ನು ಹಿಡಿದನು. ನಿಜವಾದುದು ಮೂರನೆಯ ಒಂದು. ಮೇಸ್ತ್ರಿಯ ಲೆಕ್ಕದಿಂದ ಕೂಲಿಯವರಿಗೆ ೯ ಘನಮೀಟರಿನ ಕೂಲಿ ನಷ್ಟ; ಹಿರಿಯನ ಲೆಕ್ಕದಿಂದ ರೈತನಿಗೆ ೧೮ ಘನಮೀಟರಿನ ಹಣ ನಷ್ಟ. ಯಾರೂ ಮೋಸಮಾಡಬೇಕೆಂದು ಬಯಸದಿದ್ದರೂ ಅಜ್ಞಾನವೇ ಮೋಸದ ಕೆಲಸವನ್ನು ಮಾಡಿಬಿಡುವುದು.

ಮಹಾವೀರಾಚಾರ್ಯನ ತೀರ್ಪು

ಈ ಜಗಳ ಇಂದಿನದಲ್ಲ. ಸಾವಿರ ವರ್ಷಕ್ಕೂ ಹಿಂದೆಯೇ ಕನ್ನಡನಾಡಿನ ಒಬ್ಬ ಗಣಿತಜ್ಞನು ಇದಕ್ಕೆ ತೀರ್ಪು ಕೊಟ್ಟಿರುವನೆಂದರೆ ವಾಚಕರಿಗೆ ಆಶ್ಚರ್ಯವಾದೀತು. ಮಾನ್ಯಖೇಟದಲ್ಲಿ ಆಳುತ್ತಿದ್ದ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ೮೫೦ರಲ್ಲಿ, ಮಹಾವೀರಾಚಾರ್ಯನೆಂಬ ಜೈನ ವಿದ್ವಾಂಸನು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ಅದರ ಎಂಟನೆಯ ಅಧ್ಯಾಯಕ್ಕೆ ಖಾತವ್ಯವಹಾರವೆಂದು ಹೆಸರು. ಖಾತವೆಂದರೆ ತೋಡಿದ ಗುಂಡಿ. ಭುಜಗಳ ಸರಾಸರಿಯಿಂದ ಬರುವ ಫಲವನ್ನು ಆತನು ಕರ್ಮಾಂತಿಕವೆಂದೂ, ವಿಸ್ತೀರ್ಣಗಳ ಸರಾಸರಿಯಿಂದ ಬರುವ ಫಲವನ್ನು ಔಂಡ್ರವೆಂದೂ ಕರೆಯುವನು. ಅವೆರಡರ ಅಂತರವನ್ನು ಮೂರರಿಂದ ಭಾಗಿಸಿ ಕರ್ಮಾಂತಿಕಕ್ಕೆ ಕೂಡಿಸಿದರೆ ಸೂಕ್ಷ್ಮಫಲವೆಂಬುದು ಆತನ ನಿಯಮ. ನಮ್ಮ ಹೊಂಡಕ್ಕೆ ಇದನ್ನು ಹಚ್ಚಿ ನೋಡಿ. ಮೇಸ್ತ್ರಿಯ ೨೪೩ ಕರ್ಮಾಂತಿಕ, ಹಿರಿಯನ ೨೭೦ ಔಂಡ್ರ, ಅಂತರ ೨೭, ಅದರ ಮೂರನೆಯ ಒಂದು ೯, ೨೪೩ಕ್ಕೆ ೯ ಸೇರಿದರೆ ೨೫೨. ಮಗಳು ತುಂಡುಮಾಡಿ ಕಂಡುಕೊಂಡ ಸಂಖ್ಯೆಯೇ ಇದು.

ಇದೇ ನಿಯಮವನ್ನು ೬೨೮ರಲ್ಲಿ ಬ್ರಹ್ಮಗುಪ್ತನು ಹೇಳಿದ್ದನು. ೧೧೫೦ರಲ್ಲಿ ಭಾಸ್ಕರಾಚಾರ್ಯನು ತನ್ನ ‘ಲೀಲಾವತಿ’ಯಲ್ಲಿ ಇದನ್ನು ಬೇರೆ ರೂಪದಲ್ಲಿ ಕೊಟ್ಟನು: ಬಾಯಿಯ ವಿಸ್ತೀರ್ಣ, ತಳದ ವಿಸ್ತೀರ್ಣ, ಬಾಯಿ ತಳಗಳ ಭುಜಗಳನ್ನು ಕೂಡಿಸಿದಾಗ ಬರುವ ಕ್ಷೇತ್ರದ ವಿಸ್ತೀರ್ಣ, ಈ ಮೂರನ್ನೂ ಸೇರಿಸಿ ಆರರಿಂದ ಭಾಗಿಸಿ ಆಳದಿಂದ ಗುಣಿಸು. ನಮ್ಮ ಹೊಂಡಕ್ಕೆ ೧೪೪, ೩೬, ೩೨೪ ಸೇರಿ ೫೦೪. ಆರನೆಯ ಒಂದು ೮೪. ಮೂರರಿಂದ ಗುಣಿಸಿದರೆ ಮತ್ತೆ ೨೫೨. ಗುಂಡಿಗೆ ಖಾತ, ಇಟ್ಟಿಗೆಯ ಒಟ್ಟಿಲಿಗೆ ಚಿತಿ, ಗರಗಸದ ಕೆಲಸಕ್ಕೆ ಕ್ರಕಚ, ಧಾನ್ಯಕ್ಕೆ ರಾಶಿ ಎಂದು ‘ಲೀಲಾವತಿ’ಯಲ್ಲಿ ಬೇರೆಬೇರೆ ಪ್ರಕರಣಗಳೇ ಇರುವುವು. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನು ‘ವ್ಯವಹಾರಗಣಿತ’ ಮೊದಲಾದ ಗ್ರಂಥಗಳನ್ನು ಕನ್ನಡದಲ್ಲಿಯೇ ಬರೆದನು. ನಮ್ಮ ಹಿರಿಯರು ಗಣಿತವನ್ನು ‘ವ್ಯವಹಾರ’ವೆಂದು ಕರೆದುದು ಸುಮ್ಮನೆ ಅಲ್ಲ. ‘ಗಣಿತಸಾರಸಂಗ್ರಹ’ವನ್ನು ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ೧೯೧೨ರಲ್ಲಿ ಮದರಾಸಿನಲ್ಲಿ ಪ್ರಕಟಿಸಿದರು, ೨೦೦೦ದಲ್ಲಿ ಡಾ. ಪದ್ಮಾವತಮ್ಮನವರ ಕನ್ನಡ ಅನುವಾದವು ಹೊಂಬುಜದಿಂದ ಹೊರಬಂದಿತು. ಇಚ್ಛೆಯುಳ್ಳವರು ಓದಿಕೊಳ್ಳಬಹುದು.

ಕೆರೆಯ ಏರಿಯ ಲೆಕ್ಕ

ಗುಂಡಿಗೆ ಸಲ್ಲುವ ನ್ಯಾಯವು ದಿಬ್ಬಕ್ಕೂ ಸಲ್ಲುವುದು. ಕೆರೆಯ ಏರಿಯನ್ನು ಅಡ್ಡಲಾಗಿ ಕೊಯ್ದರೆ ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿ ಕಾಣುವ ತ್ರಾಪಿಜ್ಯ. ನೆತ್ತಿಯ ಅಗಲ ೩ ಮೀಟರು, ಬುಡದ ಅಗಲ ೧೫, ಎತ್ತರ ೪ ಎಂದಾದರೆ ಕೊಯ್ತದ ವಿಸ್ತೀರ್ಣ ೩೬ ಚದರ ಮೀಟರು. ಎತ್ತರ ಬದಲಾಗದೆ ಏರಿಯು ೫೦೦ ಮೀಟರು ಹೋದರೆ ಅದು ಪಟ್ಟಕವೇ; ೧೮,೦೦೦ ಘನಮೀಟರು ಮಣ್ಣು.

ಆದರೆ ಏರಿಯ ತುದಿಯು ದಿಣ್ಣೆಯನ್ನು ಸೇರುವ ಕಡೆ ಎತ್ತರವು ಕ್ರಮವಾಗಿ ಇಳಿದು ಸೊನ್ನೆಯಾಗುವುದು. ಅಂಥ ೧೦೦ ಮೀಟರಿನಲ್ಲಿ ನಡುವಣ ಎತ್ತರ ೨ ಮೀಟರು. ಇಳಿಜಾರು ಮೊದಲಿನದೇ ಆದರೆ ಅಲ್ಲಿ ಬುಡದ ಅಗಲ ೯, ವಿಸ್ತೀರ್ಣ ೧೨. ಎತ್ತರ ಅರ್ಧವಾದರೂ ವಿಸ್ತೀರ್ಣವು ಮೂರನೆಯ ಒಂದಕ್ಕೆ ಇಳಿದುದನ್ನು ಗಮನಿಸಬೇಕು. ನಡುವಣ ಕೊಯ್ತವನ್ನು ಹಿಡಿದರೆ ೧,೨೦೦ ಘನಮೀಟರು. ಎರಡು ತುದಿಗಳ ವಿಸ್ತೀರ್ಣದ ಸರಾಸರಿ ಹಿಡಿದರೆ ೧,೮೦೦. ಅಂತರ ೬೦೦, ಮೂರನೆಯ ಒಂದು ೨೦೦, ನಿಜವಾದುದು ೧,೪೦೦. ಗುಂಡಿಗೆ ಹೇಳಿದ ನಿಯಮವೇ ಏರಿಗೂ ಒಪ್ಪಿತು.

ಕೆರೆ ಕಟ್ಟೆಗಳ ಕೆಲಸದಲ್ಲಿ ಮಣ್ಣನ್ನು ತೋಡಿದವರು ಬಹುಮಟ್ಟಿಗೆ ಭೋವಿ ಜನರು. ಅಳತೆಗೆಂದು ಗುಂಡಿಯ ನಡುವೆ ಮಣ್ಣಿನ ಕಂಬವೊಂದನ್ನು ತೋಡದೆ ಉಳಿಸಿ, ಅದರ ಎತ್ತರದಿಂದ ಆಳವನ್ನು ನಿಶ್ಚಯಿಸುವ ಪದ್ಧತಿಯು ಹಳೆಯದು. ೨೦೦೫ರ ಗ್ರಾಮೀಣ ಉದ್ಯೋಗ ಖಾತರಿ ಕಾಯಿದೆಯ ಕೆಲಸಗಳಲ್ಲಿಯೂ ತೋಡಿದ ಮಣ್ಣನ್ನು ಅಳೆದು ಕೂಲಿ ಕಟ್ಟುವ ಕ್ರಮ ನಡೆದುಬಂದಿತು. ಅಳೆಯುವವನು ಅವಸರದಲ್ಲಿ ಸರಾಸರಿ ಹಿಡಿದರೆ ಯಾರ ತುತ್ತು ಚಿಕ್ಕದಾಗುವುದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮತ್ತೊಂದು ಎಚ್ಚರಿಕೆಯೂ ಉಂಟು. ತೋಡಿದ ಮಣ್ಣು ಸಡಿಲವಾಗಿ ಹಿಗ್ಗುವುದರಿಂದ ಗಾಡಿಯ ಲೆಕ್ಕವೂ ಗುಂಡಿಯ ಲೆಕ್ಕವೂ ಒಂದಾಗುವುದಿಲ್ಲ. ಕರಾರು ಯಾವ ಅಳತೆಯದೆಂಬುದನ್ನು ಮೊದಲೇ ಮಾತಾಡಿಕೊಳ್ಳುವುದು ಇಬ್ಬರಿಗೂ ಕ್ಷೇಮ.

ಮನೆಯವರು ನೆನಪಿಡಬೇಕಾದುದು

ಹೊಂಡ ತುಂಬಿದ ಮೇಲೂ ಲೆಕ್ಕ ಮುಗಿಯಲಿಲ್ಲ. ಒಂದು ಘನಮೀಟರಿಗೆ ಸಾವಿರ ಲೀಟರಾದುದರಿಂದ ನಮ್ಮ ಹೊಂಡದಲ್ಲಿ ೨,೫೨,೦೦೦ ಲೀಟರು ನೀರು. ಒಂದು ಎಕರೆಯ ಮೇಲೆ ಸುಮಾರು ಆರು ಸೆಂಟಿಮೀಟರು ನಿಲ್ಲುವಷ್ಟು. ರಾಗಿಯು ತೆನೆ ಬಿಡುವ ಹೊತ್ತಿನಲ್ಲಿ ಮಳೆ ಕೈಕೊಟ್ಟರೆ ಪೈರನ್ನು ಉಳಿಸುವ ಒಂದು ನೀರು ಇದು. ಆದರೆ ನೀರು ಅರ್ಧ ಆಳಕ್ಕೆ, ಎಂದರೆ ಒಂದೂವರೆ ಮೀಟರಿಗೆ ಇಳಿದಾಗ, “ಇನ್ನೂ ಅರ್ಧ ಹೊಂಡ ನೀರಿದೆ” ಎಂದು ರೈತನು ನೆಮ್ಮದಿಯಿಂದಿರುವನಷ್ಟೆ? ಆಗ ನೀರಿನ ಬಾಯಿಯು ೯ ಮೀಟರಿನ ಚೌಕ. ಮೇಲಿನ ನಿಯಮದಂತೆ ಲೆಕ್ಕಮಾಡಿದರೆ ಉಳಿದಿರುವುದು ೮೫,೫೦೦ ಲೀಟರು ಮಾತ್ರ. ಅರ್ಧವಲ್ಲ, ಮೂರನೆಯ ಒಂದಕ್ಕಿಂತ ತುಸು ಹೆಚ್ಚು. ಇದನ್ನು ಅರಿಯದೆ ನೀರನ್ನು ಹಂಚಿದವನು ಕೊನೆಯ ಸಾಲಿನ ಪೈರಿಗೆ ಉತ್ತರ ಹೇಳಬೇಕಾಗುವುದು.

ಮನೆಯ ನೆಲತೊಟ್ಟಿಯ ಬದಿಗಳು ನೆಟ್ಟಗಿರುವುದರಿಂದ ಅದು ಶುದ್ಧ ಪಟ್ಟಕ. ಅಲ್ಲಿ ಅರ್ಧವೆಂದರೆ ಅರ್ಧವೇ. ೬ ಅಡಿ ಉದ್ದ, ೫ ಅಡಿ ಅಗಲ, ೫ ಅಡಿ ಆಳದ ತೊಟ್ಟಿಯು ೧೫೦ ಘನ ಅಡಿ. ಘನ ಅಡಿಗೆ ೨೮.೩ ಲೀಟರಿನಂತೆ ಸುಮಾರು ೪,೨೫೦ ಲೀಟರು ಹಿಡಿಯುವುದು. ನೀರಿನ ಗಾಡಿಯವನು ಎಷ್ಟು ಲೀಟರು ಸುರಿದನೆಂಬುದನ್ನು ಗೃಹಿಣಿಯು ಒಂದು ಕೋಲನ್ನು ಇಳಿಬಿಟ್ಟು ತಿಳಿಯಬಹುದು. ಈ ತೊಟ್ಟಿಯಲ್ಲಿ ನೀರು ಒಂದು ಅಡಿ ಏರಿದರೆ ೩೦ ಘನ ಅಡಿ, ಸುಮಾರು ೮೫೦ ಲೀಟರು. ಕೋಲಿನ ಮೇಲೆ ಅಡಿಗಳ ಗುರುತನ್ನು ಕೆತ್ತಿಟ್ಟರೆ ಮನೆಯಲ್ಲೊಂದು ಪಂಚಾಯಿತಿ ಕಡಮೆಯಾಗುವುದು.

ತಂದೆತಾಯಿಗಳಲ್ಲಿ ನಮ್ಮದೊಂದು ವಿಜ್ಞಾಪನೆ. ಮುಂದಿನ ಸಲ ಮಗುವು ಘನಫಲದ ಪಾಠವನ್ನು ಓದುತ್ತಿರುವಾಗ ಅದನ್ನು ಎಬ್ಬಿಸಿಕೊಂಡು ಹೋಗಿ ತೊಟ್ಟಿಯನ್ನೋ, ಬಣವೆಯನ್ನೋ, ಹೊಂಡವನ್ನೋ ಅಳೆಯಲು ಹೇಳಿರಿ. ಟೇಪಿನ ಒಂದು ತುದಿಯನ್ನು ನೀವು ಹಿಡಿದುಕೊಳ್ಳಿರಿ. ಅಳೆದ ಸಂಖ್ಯೆಗಳನ್ನು ಮಗುವು ಗುಣಿಸಲಿ. ತಪ್ಪಿದರೆ ಮತ್ತೊಮ್ಮೆ ಅಳೆಯಲಿ. ಪುಸ್ತಕದ ಸೂತ್ರವನ್ನು ಪರೀಕ್ಷೆಯ ಮರುದಿನ ಮರೆಯಬಹುದು. ತನ್ನ ಹೊಲದ ಹೊಂಡದಲ್ಲಿ ಎಷ್ಟು ನೀರಿದೆಯೆಂದು ತಾನೇ ಕಂಡುಕೊಂಡ ಲೆಕ್ಕವನ್ನು ಮರೆಯುವ ಮಗುವಿಲ್ಲ. ಅಂಥ ಮಗುವು ಬೆಳೆದು ದೊಡ್ಡದಾದಾಗ, ಮಣ್ಣು ಹೊತ್ತವನ ಕೂಲಿಯಲ್ಲಿ ಮೂಲೆಯ ಒಂಬತ್ತು ಘನಮೀಟರನ್ನು ಮರೆಯಲಾರದು.